ವಾರದ ರಜೆ

ಕೈಕಂಬದಲ್ಲಿ ದಿನಾ ನಾನೇ ಸೀಟಿ ಊದಿ ನಿಲ್ಲಿಸುವ ಗಾಡಿಯಿಂದ
ಇವತ್ತು ನಾನೇ ಇಳಿದೆ.
ಹನ್ನೊಂದು ವರ್ಷ ಇಳಿಸಿದ್ದೇನೆ ಇಲ್ಲಿ ಜನರನ್ನು,
ಬಣ್ಣದ ಬ್ಯಾಗು, ಹೊಸ ಬೂಟು, ಐನೂರರ ನೋಟು,
"ಅಕ್ಕಾ, ತಡಿಯಂಡಮೋಳ್ ಇಲ್ಲೇನಾ?"
ಇಲ್ಲೇ, ಇಲ್ಲೇ, ಬೇಗ ಇಳೀರಿ
ಎಂದು ಬೆರಳು ತೋರಿದ ಕಡೆ
ಒಮ್ಮೆಯೂ ಕತ್ತೆತ್ತಿ ನೋಡಿರಲಿಲ್ಲ.

ಅರಮನೆ ದಾಟಿ, ಡಾಂಬರು ಮುಗಿದು, ಅರಣ್ಯದವರ ಗೇಟು.
ಪೂವಯ್ಯ ಪುಸ್ತಕ ಬಿಡಿಸಿದ.
ಹೆಸರು?
ದಮಯಂತಿ.
ಜೊತೆಗೆ?
ಯಾರೂ ಇಲ್ಲ.
ಪೆನ್ನು ಆ ಖಾನೆಯ ಮೇಲೆ ತುಸು ತಡೆಯಿತು
ಚಿಲ್ಲರೆ ತಡಕುವ ಕೈಯ ಹಾಗೆ.
"ಏಳೂವರೆ ಗಾಡಿಯವರಲ್ವಾ ನೀವು?
ಮೂರು ರೂಪಾಯಿ ಬಾಕಿ ಉಂಟು ನಂಗೆ,
ಕೈಲ್ ಮುಹೂರ್ತಕ್ಕೂ ಮುಂಚಿನದು."
ಇಳಿಯುವಾಗ ಕೊಡುತ್ತೇನೆ, ಅಂದೆ.
"ಹಾಗಾದ್ರೆ ಇಳೀತೀರಿ," ಅಂದ.
ಬರೆದುಕೊಂಡ: ಒಂದು.

ಕಾಡಿನೊಳಗೆ ಒಂದು ಗಂಟೆ.
ಕೊನೆಯ ಮರ ಕೈಬಿಟ್ಟಿತು.
ಆಮೇಲೆ ಹುಲ್ಲು, ಕಲ್ಲು, ಏಣು.
ಒಂದು ಕಡೆ ಕಕ್ಕಬ್ಬೆಯ ತೋಟಗಳು, ಗದ್ದೆಯ ಹಳದಿ ಚೌಕ;
ಇನ್ನೊಂದು ಕಡೆ ಏನೂ ಇಲ್ಲ,
ಆ ಏನೂ ಇಲ್ಲದ್ದರ ತಳದಲ್ಲಿ ಕೇರಳದ ಕಾಡು.
ನಡುವೆ, ಎರಡು ಸಾಲು ಸೀಟಿನ ನಡುವಿನಷ್ಟು ಅಗಲ,
ನಾನು.

ಗಾಳಿ
ಟಿಕೆಟ್ ಇಲ್ಲದೆ ಹತ್ತಿದವನ ಹಾಗೆ ಮೈಮೇಲೇ ಬಿತ್ತು.
ಕೈ ತನ್ನಷ್ಟಕ್ಕೆ ಮೇಲೆ ಹೋಯಿತು
ತಲೆಯ ಮೇಲಿನ ಸರಳಿಗೆ.
ಅಲ್ಲಿ ಆಕಾಶ.

ಆಗ ಕಾಲಿಗೆ ನೆನಪಾಯಿತು.
ಮಾಕುಟ್ಟದ ತಿರುವುಗಳಲ್ಲಿ
ಒಂದು ಕೈಯಲ್ಲಿ ಮಷೀನು, ಒಂದರಲ್ಲಿ ನೋಟು,
ಏನನ್ನೂ ಹಿಡಿಯದೆ ನಿಂತ ಕಾಲು:
ಮಂಡಿ ಸಡಿಲ, ಭಾರ ಹಿಮ್ಮಡಿಗೆ,
ತಿರುವಿಗಿಂತ ಮೊದಲೇ ಸೊಂಟ ಆ ಕಡೆಗೆ.
ಇಲ್ಲಿ ದಾರಿ ನಿಂತಿದೆ, ಗಾಳಿ ತಿರುಗುತ್ತಿದೆ.
ಅಷ್ಟೇ ವ್ಯತ್ಯಾಸ.
ರೈಟ್, ಹೋಗಲಿ, ಅಂದೆ.
ಯಾರಿಗೆ?

ಒಂದು ಕಡೆ ಮಾತ್ರ, ಕಲ್ಲು ಬೋಳಾದ ಹತ್ತು ಮಾರು,
ಅಂಬೆಗಾಲಿಟ್ಟು ದಾಟಿದೆ. ಸುಳ್ಳು ಹೇಳುವುದಿಲ್ಲ.
ಬಂಡೆ ಬೆಚ್ಚಗಿತ್ತು ಬಾನೆಟ್ಟಿನ ಹಾಗೆ.
ಅಲ್ಲಿ ನೆನಪಾದದ್ದು ದೇವರಲ್ಲ,
ಬೆಳಿಗ್ಗೆ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂಬುದು.

ತುದಿ ಅಂದುಕೊಂಡದ್ದು ತುದಿಯಲ್ಲ.
ಅದರಾಚೆಯದೂ ಅಲ್ಲ.
ಒಂದೊಂದೂ ಒಂದು ಸ್ಟೇಜು;
ಬೆಟ್ಟ ದರ ಏರಿಸುತ್ತಾ ಹೋಯಿತು,
ಮಂಡಿಯಿಂದ ಮುರಿದುಕೊಂಡಿತು.

ಮಂಜು ಬಂದದ್ದು ಕೇರಳದ ಕಡೆಯಿಂದ.
ಸ್ಲೇಟು ಒರೆಸಿದಂತೆ ಏಣು ಇಲ್ಲ.
ಪಾದ ಇತ್ತು, ಪಾದದ ಮುಂದಿನದು ಇರಲಿಲ್ಲ.
ಕೂತೆ. ಡಬ್ಬಿ ಬಿಚ್ಚಿದೆ,
ತಣ್ಣನೆಯ ಅಕ್ಕಿರೊಟ್ಟಿ, ಕುಂಬಳಕಾಯಿ ಪಲ್ಯ.
ಗಾಡಿ ನಿಂತರೆ ತಲೆ ಎಣಿಸುವುದು ಅಭ್ಯಾಸ.
ಎಣಿಸಿದೆ.
ಒಂದು.
ತಾಳೆಯಾಗುತ್ತದೋ ಎಂದು ಮತ್ತೊಮ್ಮೆ ಎಣಿಸಿದೆ.
ಆಯಿತು.
ಇಷ್ಟು ವರ್ಷದ ಲೆಕ್ಕದಲ್ಲಿ
ಈ ತಲೆ ಎಂದೂ ಸೇರಿರಲಿಲ್ಲ.

ಆಮೇಲೆ ಮಂಜು ಒಂದೇ ಒಂದು ಕಡೆ ಹರಿಯಿತು:
ಕೆಳಗೆ, ತೋಟಗಳ ಸಂದಿನಲ್ಲಿ,
ಗುಲಗಂಜಿಯಷ್ಟು ಕೆಂಪು.
ಹನ್ನೆರಡೂ ಇಪ್ಪತ್ತು. ನನ್ನದೇ ಟ್ರಿಪ್ಪು, ಬೇರೆಯವಳ ಕೈಯಲ್ಲಿ.
ನಿಂತಿತ್ತು. ಯಾರೋ ಚಿಲ್ಲರೆಗೆ ಜಗಳಾಡುತ್ತಿರಬೇಕು.
ಸೀಟಿ ಜೇಬಿನಲ್ಲೇ ಇತ್ತು,
ರಜೆಯ ದಿನವೂ ಇರುತ್ತದೆ.
ಎರಡು ಸಲ ಊದಿದೆ.
ಗಾಳಿ ಅದನ್ನು ಹಲ್ಲಿನ ಹತ್ತಿರವೇ ಕಿತ್ತುಕೊಂಡಿತು;
ಕೇಳಿಸಿರಲು ಸಾಧ್ಯವೇ ಇಲ್ಲ.
ಗಾಡಿ ಹೊರಟಿತು.

"ಮೇಲೆ ಏನಿತ್ತು?" ಕೇಳಿದ ಪೂವಯ್ಯ.
ಕಲ್ಲು.
"ಹೂಂ, ಕಲ್ಲು," ಎಂದ,
ಮೂರು ರೂಪಾಯಿ ಎಣಿಸಿ ಕಿಸೆಗಿಳಿಸಿ
ನನ್ನ ಹೆಸರಿನ ಮೇಲೆ ಗೀಟು ಎಳೆದ.

ನಾಲ್ಕೂ ನಲವತ್ತರ ಗಾಡಿ.
ಸೀಟು ಖಾಲಿ ಇದ್ದವು.
ನಿಂತೇ ಬಂದೆ,
ಕಂಬ ಹಿಡಿಯದೆ.